ದೇಹಭಾಷೆಯ ಚಾರ್ಟ್ ಕೇಳಿದವರಿಗೆ

ಗದಗಿನಿಂದ ಬರೆದ ಮೇಡಂ ಅವರೇ, ಬೇಸಿಗೆ ನಾಟಕ ಶಿಬಿರದಲ್ಲಿ ಎಂಟನೇ ತರಗತಿಯ ಮಕ್ಕಳಿಗೆ ದೇಹಭಾಷೆ ಕಲಿಸಬೇಕು, ಯಾವ ಭಂಗಿಗೆ ಯಾವ ಅರ್ಥ ಎಂಬ ಚಾರ್ಟ್ ಇದ್ದರೆ ಕೊಡಿ ಎಂದಿದ್ದೀರಿ. ನನ್ನ ಕಪಾಟಿನಲ್ಲೇ ಒಂದು ಬಿದ್ದಿದೆ, ಆದರೆ ಕೊಡುವುದಿಲ್ಲ. ಅದರ ಮೊದಲ ಸಾಲೇ ‘ಕೈ ಕಟ್ಟಿ ನಿಂತವನು ಮನಸ್ಸು ಮುಚ್ಚಿಕೊಂಡಿದ್ದಾನೆ’. ಒಂದನೇ ತರಗತಿಯಿಂದ ‘ಕೈ ಕಟ್ಟು, ಬಾಯಿ ಮುಚ್ಚು’ ಕೇಳಿ ಬೆಳೆದ ನಮ್ಮ ಮಕ್ಕಳಿಗೆ ಇದನ್ನು ಹೇಗೆ ಹೇಳುವುದು? ಧಾರವಾಡದ ಡಿಸೆಂಬರ್‌ನಲ್ಲಂತೂ ಚಳಿಗೇ ಕೈ ಕಟ್ಟುತ್ತಾರೆ.

ನಾನೇ ಎಡವಿದ್ದೇನೆ. ಒಮ್ಮೆ ಬಣ್ಣದ ಡಬ್ಬಿ ಉರುಳಿತ್ತು. ಒಬ್ಬ ಹುಡುಗ ತಲೆ ತಗ್ಗಿಸಿ, ಹೆಬ್ಬೆರಳಿನಿಂದ ನೆಲ ಕೆರೆಯುತ್ತ ನಿಂತಿದ್ದ. ಇವನದೇ ಕೆಲಸ ಎಂದು ಗದರಿಸಿದೆ. ಚೆಲ್ಲಿದವನು ನನ್ನನ್ನೇ ನೆಟ್ಟಗೆ ನೋಡುತ್ತಿದ್ದ ಇನ್ನೊಬ್ಬ. ಹಿರಿಯರು ಬೈಯುವಾಗ ಮುಖ ನೋಡಬಾರದೆಂದು ಮೊದಲಿನವನಿಗೆ ಮನೆಯಲ್ಲಿ ಕಲಿಸಿದ್ದರು.

ಅಂದಿನಿಂದ ಕಂಡದ್ದನ್ನೂ ಊಹಿಸಿದ್ದನ್ನೂ ಬೇರೆ ಬೇರೆ ಬರೆಸುತ್ತೇನೆ. ಧ್ವನಿ ನಿಲ್ಲಿಸಿ ಎರಡು ನಿಮಿಷದ ದೃಶ್ಯ ತೋರಿಸಿ. ‘ಅವಳಿಗೆ ಸಿಟ್ಟು ಬಂದಿದೆ’ ಎಂದು ಬರೆದರೆ ಆ ಸಾಲನ್ನು ಹೊಡೆದುಹಾಕಿ. ‘ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಿದ್ದಾಳೆ’ ಎಂದರೆ ಸರಿ. ಆಮೇಲೆ ಅದಕ್ಕೆ ಮೂರು ಕಾರಣ ಕೇಳಿ, ಕೊನೆಗೆ ಧ್ವನಿ ಹಾಕಿ. ಜಗಳವಾಡುತ್ತಾರೆ, ಆಡಲಿ.

ಸಾಧ್ಯವಾದರೆ ದನದ ಸಂತೆಗೆ ಕರೆದೊಯ್ಯಿರಿ. ನಾವು ಹಾವೇರಿಗೆ ಹೋಗಿದ್ದೆವು. ದಲಾಲಿಯೂ ರೈತನೂ ಟವೆಲ್ಲಿನ ಕೆಳಗೆ ಕೈ ಸೇರಿಸಿ, ಬೆರಳು ಅದುಮಿ ಬೆಲೆ ಹೇಳುತ್ತಿದ್ದರು. ಮುಖ ಮಾತ್ರ ಕಲ್ಲು. ‘ಸರ್, ಅಜ್ಜ ಹಗ್ಗ ಸಡಿಲ ಬಿಟ್ಟರು’ ಎಂದು ಒಬ್ಬ ಹುಡುಗಿ ಪಿಸುಗುಟ್ಟಿದಳು. ಸ್ವಲ್ಪ ಹೊತ್ತಿಗೆ ಎತ್ತು ಕೈ ಬದಲಾಯಿಸಿತು. ಕಾಕತಾಳೀಯವೂ ಇರಬಹುದು, ಆದರೆ ನಾನು ಆ ಹಗ್ಗವನ್ನು ನೋಡಿಯೇ ಇರಲಿಲ್ಲ.

ನಿಮ್ಮ ಪ್ರಶ್ನೆಗೆ ಉತ್ತರಿಸುತ್ತ ಇನ್ನೊಬ್ಬರು ‘ಸಂವಹನದಲ್ಲಿ ಶೇ 93 ಮಾತಿಲ್ಲದ್ದು’ ಎಂದಿದ್ದಾರೆ. ದಯವಿಟ್ಟು ಮಕ್ಕಳಿಗೆ ಇದನ್ನು ಹೇಳಬೇಡಿ. ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಮೆಹ್ರಾಬಿಯನ್ ಅವರ 1967ರ ಪ್ರಯೋಗಗಳಲ್ಲಿ ಬಿಡಿ ಪದಗಳನ್ನು ಬೇರೆ ಬೇರೆ ದನಿಯಲ್ಲಿ ಕೇಳಿಸಿ, ಮುಖದ ಫೋಟೊ ತೋರಿಸಿ, ಹೇಳುವವರ ಒಲವನ್ನು ಊಹಿಸಲು ಕೇಳಿದ್ದರು. ಪದಕ್ಕೆ ಶೇ 7, ದನಿಗೆ 38, ಮುಖಕ್ಕೆ 55 ಎಂಬ ಲೆಕ್ಕ ಅಲ್ಲಿಯದು; ಕೊನೆಯ ಎರಡನ್ನು ಕೂಡಿಸಿದರೆ ಆ 93. ಎಲ್ಲ ಮಾತುಕತೆಗೂ ಅದೇ ಲೆಕ್ಕವಾದರೆ ಫೋನಿನಲ್ಲಿ ಗೊಬ್ಬರ ತರಿಸುವುದು ಹೇಗೆ?

ಇನ್ನೊಂದು ಮಾತು: ಕಣ್ಣಿಗೆ ಕಣ್ಣು ಕೊಡಲಾಗದ ಮಕ್ಕಳೂ ಇರುತ್ತಾರೆ, ಅದಕ್ಕೆ ಅಂಕ ಕಳೆಯಬೇಡಿ. ಧ್ವನಿಯಿಲ್ಲದೆ ತೋರಿಸಬಹುದಾದ ಏಳೆಂಟು ದೃಶ್ಯಗಳು ನನ್ನ ಪೆನ್‌ಡ್ರೈವ್‌ನಲ್ಲಿವೆ, ಹುಬ್ಬಳ್ಳಿಗೆ ಬಂದಾಗ ತೆಗೆದುಕೊಂಡು ಹೋಗಿ.