ಪತಂಗದ ಜಾತಕ ಮೈಟೋಕಾಂಡ್ರಿಯಾದಲ್ಲಿ

ಪ್ರಶ್ನೆ: ರೆಕ್ಕೆ ನೋಡಿದ್ರೆ ಯಾವ ಪತಂಗ ಅಂತ ಗೊತ್ತಾಗಲ್ವಾ ಸಾರ್? ಮೈಟೋಕಾಂಡ್ರಿಯಾ ಡಿಎನ್ಎ ಎಲ್ಲಾ ಯಾಕೆ ಬೇಕು?

ಉತ್ತರ: ಎಷ್ಟೋ ಸಲ ಗೊತ್ತಾಗುತ್ತೆ, ಆದ್ರೆ ಒಂದೇ ತರ ಕಾಣೋ ಬೂದು ಪತಂಗಗಳನ್ನ ಪಕ್ಕಪಕ್ಕ ಇಟ್ಟು ನೋಡಿ, ತಲೆ ಕೆಟ್ಟೋಗುತ್ತೆ, ಮೇಲಾಗಿ ರೆಕ್ಕೆಯ ಪುಡಿ ಉದುರಿದ್ರೆ ಕಥೆ ಮುಗೀತು. ಆಗ ಒಂದು ಕಾಲು ಕಿತ್ತು ಡಿಎನ್ಎ ತೆಗೀತಾರೆ. ಮೈಟೋಕಾಂಡ್ರಿಯಾ ಅಂದ್ರೆ ಜೀವಕೋಶಕ್ಕೆ ಶಕ್ತಿ ಒದಗಿಸೋ ಪುಟ್ಟ ಭಾಗ, ಅದಕ್ಕೆ ತನ್ನದೇ ಡಿಎನ್ಎ ಇರುತ್ತೆ. ಅದರ ಜೀನೋಮ್, ಅಂದ್ರೆ ಆ ಡಿಎನ್ಎ ಪೂರ್ತಿ ಸೇರಿದ್ರೂ ಪುಟ್ಟದು, ಸುಮಾರು 15,000 ಡಿಎನ್ಎ ಅಕ್ಷರ, 37 ಜೀನ್ ಅಷ್ಟೇ, ಒಂದೊಂದು ಜೀವಕೋಶದಲ್ಲೂ ನೂರಾರು ಕಾಪಿ ಇರೋದ್ರಿಂದ ಹಳೇ ಒಣಗಿದ ಸ್ಯಾಂಪಲ್‌ನಲ್ಲೂ ಸಿಗೋ ಚಾನ್ಸ್ ಜಾಸ್ತಿ.

ನಂಗೆ ಮಜಾ ಅನ್ಸೋದು ಜೀನ್‌ಗಳು ಕೂತಿರೋ ಸಾಲು. ಬಹುಪಾಲು ಪತಂಗ, ಚಿಟ್ಟೆಗಳಲ್ಲಿ ಮೂರು ಟಿಆರ್‌ಎನ್‌ಎ ಜೀನ್‌ಗಳು (ಪ್ರೋಟೀನ್ ಕಟ್ಟೋಕೆ ಅಮೈನೋ ಆಮ್ಲ ತಂದುಕೊಡೋ ಅಣುಗಳ ಜೀನ್‌ಗಳು, ಎಂ, ಐ, ಕ್ಯೂ ಅನ್ನೋದು ಅವುಗಳ ಗುರುತು) ಎಂ-ಐ-ಕ್ಯೂ ಅಂತ ಕೂತಿರ್ತವೆ, ಆದ್ರೆ ಹೆಪಿಯಾಲಿಡೇ ಅನ್ನೋ ಹಳೇ ಕುಟುಂಬದ ಪತಂಗಗಳಲ್ಲಿ ಬೇರೆ ಎಷ್ಟೋ ಕೀಟಗಳ ತರಾನೇ ಐ-ಕ್ಯೂ-ಎಂ, ಅಂದ್ರೆ ಅವು ಕವಲೊಡೆದ ಮೇಲೆ ಈ ಅದಲುಬದಲು ಆಗಿದೆ ಅಂತ ಲೆಕ್ಕ.

ಆದ್ರೆ ಮೈಟೋಕಾಂಡ್ರಿಯಾ ಡಿಎನ್ಎ ಒಂದನ್ನೇ ನಂಬ್ಕೊಂಡು ಕೂರಬಾರ್ದು, ಇದು ತಾಯಿ ಕಡೆಯಿಂದ ಮಾತ್ರ ಬರೋದು. ಎರಡು ಜಾತಿ ಬೆರೆತಿದ್ರೆ, ಇಲ್ಲಾ ಕೀಟಗಳ ಜೀವಕೋಶದೊಳಗೇ ಇದ್ದು ತಾಯಿಯಿಂದ ಮರಿಗೆ ಹೋಗೋ ವೋಲ್ಬಾಕಿಯಾ ಬ್ಯಾಕ್ಟೀರಿಯಾ ಹೊಕ್ಕಿದ್ರೆ ದಾರಿ ತಪ್ಸುತ್ತೆ. ಅದಕ್ಕೇ ನ್ಯೂಕ್ಲಿಯಸ್ ಡಿಎನ್ಎನೂ ದೇಹರಚನೆನೂ ಜೊತೆಗೆ ನೋಡ್ತಾರೆ.