ಆಕ್ಷನ್ ಸೀಕ್ವೆಲ್‌ನಲ್ಲಿ ಮುನಿದ ಅಪ್ಪ-ಮಗನನ್ನು ಎಷ್ಟನೇ ನಿಮಿಷಕ್ಕೆ ಒಂದು ಮಾಡಬೇಕು?

ನಡುಭಾಗದಲ್ಲೋ ಕ್ಲೈಮ್ಯಾಕ್ಸ್‌ನಲ್ಲೋ ಅಂತ ಕೇಳಿದ್ದೀರಿ. ಇದೇ ಲೆಕ್ಕ ಹಾಕಿ ನಾನೂ ಒಂದು ಸ್ಕ್ರಿಪ್ಟ್ ಕೆಡಿಸಿದ್ದೇನೆ. ನಿಮಿಷದ ಮಾತು ಬಿಡಿ.

ನನ್ನದು 112 ಪುಟ, ಪುಟಕ್ಕೊಂದು ನಿಮಿಷದ ಅಂದಾಜು. 48ನೇ ಪುಟದಲ್ಲಿ ಗುಂಡಿನ ಕಾಳಗದಿಂದ ತಪ್ಪಿಸಿಕೊಂಡ ಇಬ್ಬರೂ ಗೋದಾಮೊಂದರಲ್ಲಿ ಅಡಗುತ್ತಾರೆ. ಅಪ್ಪನ ತೋಳಿಗೆ ಬಟ್ಟೆ ಕಟ್ಟುತ್ತಾ ‘ಅಮ್ಮ ಸತ್ತಾಗ ಎಲ್ಲಿದ್ದೆ?’ ಅಂತ ಶುರು ಮಾಡಿದ ಮಗ ಆರು ಪುಟ ನಿಲ್ಲಿಸಲೇ ಇಲ್ಲ. ಅಪ್ಪ ಅತ್ತ, ಕ್ಷಮೆ ಕೇಳಿದ. ಬರೆಯುವಾಗ ನನಗೇ ಕಣ್ಣು ತುಂಬಿತ್ತು, ಮೋಸ ಹೋದದ್ದೂ ಅಲ್ಲೇ. 54ನೇ ಪುಟದ ಹೊತ್ತಿಗೆ ಮಗನ ಬಳಿ ಪ್ರಶ್ನೆ ಇಲ್ಲ, ಅಪ್ಪನ ಬಳಿ ಗುಟ್ಟಿಲ್ಲ. ಆಮೇಲಿನದೆಲ್ಲ ಬರೀ ಹೊಡೆದಾಟ. ಅದೇ ಸೀನ್ ಅನ್ನು 90ನೇ ಪುಟಕ್ಕೆ ತಳ್ಳಿದೆ. ಅಲ್ಲಿ ಶತ್ರು ಬಾಗಿಲು ಒಡೆಯುತ್ತಿರುವಾಗ ಇವರು ಕೂತು ಅಳುತ್ತಾರೆ, ಇನ್ನೂ ಕೆಟ್ಟದು. ಮುನಿಸಿಗೆ ಒಂದು ಸೀನ್, ಆಕ್ಷನ್‌ಗೆ ಇನ್ನೊಂದು ಅಂತ ಪಾಲು ಮಾಡಿದ್ದೇ ತಪ್ಪು. ಪಾಲು ಮಾಡಿದ ಮೇಲೆ ಯಾವ ಪುಟದಲ್ಲಿಟ್ಟರೂ ಅಷ್ಟೇ.

‘ಎ ಗುಡ್ ಡೇ ಟು ಡೈ ಹಾರ್ಡ್’ (2013) ನೋಡಿ. ಮಗ ಸಿಐಎ ಏಜೆಂಟ್ ಅಂತ ಗೊತ್ತಿಲ್ಲದ ಅಪ್ಪ ಮಾಸ್ಕೋಗೆ ಬಂದು ಅವನ ಪ್ಲಾನ್ ಹಾಳುಮಾಡುತ್ತಾನೆ. ಅಪ್ಪನ ಕಾಳಜಿಯೇ ಮಗನಿಗೆ ಅಡ್ಡಗಾಲು! ಎಂಥ ಒಳ್ಳೆ ಎಳೆ. ಆಮೇಲೆ ಇಬ್ಬರೂ ಒಂದೇ ಕಡೆ ಗುಂಡು ಹಾರಿಸತೊಡಗುತ್ತಾರೆ, ಮುನಿಸು ಚುಚ್ಚುಮಾತಿಗೆ ಇಳಿಯುತ್ತದೆ.

‘ಇಂಡಿಯಾನಾ ಜೋನ್ಸ್ ಆ್ಯಂಡ್ ದ ಲಾಸ್ಟ್ ಕ್ರುಸೇಡ್’ (1989) ಬೇರೆ ಜಾತಿ. ಅಪ್ಪ ಮಗನನ್ನು ಕರೆಯುವುದೇ ‘ಜೂನಿಯರ್’ ಅಂತ, ಮಗನಿಗೆ ಅದು ಮೈ ಉರಿ. ಕೊನೆಗೆ ನೆಲದ ಬಿರುಕಿನ ಅಂಚಿನಲ್ಲಿ ನೇತಾಡುತ್ತಾ ಮಗ ಒಂದು ಕೈಯನ್ನು ಯೇಸು ಕುಡಿದದ್ದೆನ್ನುವ ಪವಿತ್ರ ಬಟ್ಟಲಿನತ್ತ ಚಾಚಿದ್ದಾನೆ. ಅದೇ ಬಟ್ಟಲಿನ ಹಿಂದೆ ಬಾಳು ಸವೆಸಿದ ಅಪ್ಪ ಈಗ ಮಗ ತಾನೇ ಇಟ್ಟುಕೊಂಡ ಹೆಸರು ಹಿಡಿದು ‘ಇಂಡಿಯಾನಾ’ ಅನ್ನುತ್ತಾನೆ, ಅದನ್ನು ಬಿಡು ಅನ್ನುತ್ತಾನೆ. ಮಗ ಕೈ ಹಿಂದೆ ತೆಗೆಯುತ್ತಾನೆ. ಆಚೆ ಬಂದಮೇಲೆ ಮತ್ತೆ ಅದೇ ‘ಜೂನಿಯರ್’.

ಈಗ ನಿಮ್ಮ ಕೆಲಸ. ಮೊದಲ ಭಾಗವನ್ನು ಮತ್ತೆ ನೋಡಿ: ನಾಯಕ ಗೆದ್ದ ಆ ರಾತ್ರಿ ಮಗ ಎಲ್ಲಿದ್ದ? ಮುನಿಸಿನ ಬೇರು ಅಲ್ಲೇ ಸಿಗಬೇಕು, ಹೊಸ ಫ್ಲ್ಯಾಶ್‌ಬ್ಯಾಕ್ ಹುಟ್ಟಿಸಬೇಡಿ. ಆಮೇಲೆ ನಾಲ್ಕು ದೊಡ್ಡ ಆಕ್ಷನ್ ಸೀನ್ ಇಟ್ಟುಕೊಳ್ಳಿ. ಮೊದಲನೆಯದರಲ್ಲಿ ಅಪ್ಪ ‘ಜಿಗಿ’ ಅಂದರೆ ಮಗ ಜಿಗಿಯಲ್ಲ, ಅದರಿಂದ ಏನೋ ಕೈತಪ್ಪುತ್ತದೆ. ಎರಡನೆಯದರಲ್ಲಿ ಮಾತು ಕೇಳುತ್ತಾನೆ, ಅಪ್ಪನ ಅಂದಾಜೇ ತಪ್ಪಾಗಿ ಮಗನಿಗೆ ಪೆಟ್ಟು. ಮೂರನೆಯದರಲ್ಲಿ ಅಪ್ಪ ಮೊದಲ ಸಲ ‘ಏನು ಮಾಡೋಣ?’ ಅಂತ ಕೇಳುತ್ತಾನೆ. ನಾಲ್ಕನೆಯದರಲ್ಲಿ ಇಬ್ಬರೂ ಮಾತಾಡಬಾರದು. ಪ್ರತಿ ಸೀನ್‌ಗೂ ಒಂದು ಪರೀಕ್ಷೆ: ಮಗನ ಜಾಗಕ್ಕೆ ಬಾಡಿಗೆ ಬಂಟನನ್ನು ಹಾಕಿ ಓದಿ. ಏನೂ ಬದಲಾಗದಿದ್ದರೆ ಹರಿದು ಹಾಕಿ.

ನನ್ನ ಆ ಆರು ಪುಟದಲ್ಲಿ ಕೊನೆಗೆ ಉಳಿದದ್ದು ಬಟ್ಟೆ ಕಟ್ಟುವುದಷ್ಟೇ. ಗಂಟನ್ನು ಮಗ ಬೇಕಾದ್ದಕ್ಕಿಂತ ಬಿಗಿಯಾಗಿ ಎಳೆಯುತ್ತಾನೆ.