ಮೊಬೈಲ್ ಕಡಿಮೆ ಮಾಡಿ ಮಕ್ಕಳನ್ನು ಬೆಳೆಸೋಕೆ ಈಗಿನ ಕಾಲದಲ್ಲಿ ಆಗುತ್ತಾ?

ನಿಮ್ಮ ಪ್ರಶ್ನೆ ಓದಿದೆ. ಮೂರೂವರೆ ವರ್ಷದ ಮಗಳು ಮೊಬೈಲ್ ಇಲ್ಲದೆ ಒಂದು ತುತ್ತೂ ಉಣ್ಣುವುದಿಲ್ಲ. ಒಂಬತ್ತು ವರ್ಷದ ಮಗ ಶಾಲೆಯಿಂದ ಬಂದವನೇ ಯೂಟ್ಯೂಬ್ ಶಾರ್ಟ್ಸ್ ಹಚ್ಚಿಕೊಂಡು ಕೂತರೆ ರಾತ್ರಿ ಊಟದವರೆಗೂ ಏಳುವುದಿಲ್ಲ. ನೀವಿಬ್ಬರೂ ಕೆಲಸಕ್ಕೆ ಹೋಗುತ್ತೀರಿ, ಮನೆಯಲ್ಲಿ ಅತ್ತೆಯವರು ಒಬ್ಬರೇ. ಹೋಂವರ್ಕ್ ಬೇರೆ ವಾಟ್ಸ್‌ಆ್ಯಪ್‌ನಲ್ಲೇ ಬರುತ್ತದೆ. ಫೋನ್ ಕೊಡದಿದ್ದರೆ ಉಳಿದ ಮಕ್ಕಳಿಗಿಂತ ಹಿಂದೆ ಬೀಳುತ್ತಾರೇನೋ ಅನ್ನೋ ಹೆದರಿಕೆಯೂ ಇದೆ. ಹುಬ್ಬಳ್ಳಿಯ ಅಪಾರ್ಟ್‌ಮೆಂಟ್‌ನಲ್ಲಿ ಇದ್ದುಕೊಂಡು ಸ್ಕ್ರೀನ್ ಕಡಿಮೆ ಮಾಡೋದು ಸಾಧ್ಯವಾ ಅಂತ ಕೇಳಿದ್ದೀರಿ.

ಸಾಧ್ಯ. ನನಗೂ ಇಬ್ಬರು ಮಕ್ಕಳು. ಮಗಳು ಏಳನೇ ಕ್ಲಾಸು, ಮಗ ಒಂದನೇ ಕ್ಲಾಸು. ನಾನು ಹುಬ್ಬಳ್ಳಿಯಲ್ಲೇ ಮೊಬೈಲ್ ರಿಪೇರಿ ಅಂಗಡಿ ಇಟ್ಟುಕೊಂಡಿದ್ದೇನೆ. ಮಕ್ಕಳ ಕೈಯಲ್ಲಿ ಫೋನ್ ಏನಾಗುತ್ತದೆ, ಫೋನ್ ಇಲ್ಲದಾಗ ಮಕ್ಕಳು ಹೇಗಾಡುತ್ತಾರೆ, ಎರಡನ್ನೂ ದಿನಾ ನೋಡುತ್ತೇನೆ.

ಡಿಸ್‌ಪ್ಲೇ ಒಡೆದ ಫೋನ್ ತಂದವರಿಗೆ ‘ಬಿಟ್ಟು ಹೋಗ್ರಿ, ನಾಳೆ ಕೊಡ್ತೀನಿ’ ಅಂದರೆ ಎಷ್ಟೋ ತಾಯಂದಿರು ಗಾಬರಿಯಾಗುತ್ತಾರೆ. ‘ರಾತ್ರಿ ಊಟದ ಹೊತ್ತಿಗೆ ಬೇಕ್ರಿ ಅಣ್ಣಾ, ಇಲ್ಲಂದ್ರ ಇಂವ ಉಣ್ಣಂಗಿಲ್ಲ’ ಅನ್ನುತ್ತಾರೆ. ಇನ್ನೊಬ್ಬರು ಸಂಜೆ ಅಡುಗೆ ಮಾಡುವಾಗ ಬೇಕು ಅನ್ನುತ್ತಾರೆ. ಮತ್ತೊಬ್ಬರಿಗೆ ಬಸ್ಸಿನಲ್ಲಿ ಊರಿಗೆ ಹೋಗುವಾಗ. ಈ ಮಾತನ್ನು ಗಮನಿಸಿ. ದಿನವಿಡೀ ಬೇಕು ಅಂತ ಯಾರೂ ಹೇಳುವುದಿಲ್ಲ, ಎಲ್ಲರೂ ಒಂದು ಹೊತ್ತಿನ ಹೆಸರು ಹೇಳುತ್ತಾರೆ. ಪ್ರತಿ ಮನೆಯಲ್ಲೂ ಫೋನ್ ಒಂದೋ ಎರಡೋ ಹೊತ್ತನ್ನು ಹಿಡಿದುಕೊಂಡಿರುತ್ತದೆ. ಆ ಹೊತ್ತಿಗೆ ಬೇರೆ ಏನೂ ಇಡದೆ ಬರೀ ಫೋನ್ ಕಸಿದುಕೊಂಡರೆ ಮಗು ಅಳುತ್ತದೆ, ಅಜ್ಜಿಗೆ ತಡೆಯಲಾಗುವುದಿಲ್ಲ, ಫೋನ್ ಮತ್ತೆ ಕೈಗೆ ಬರುತ್ತದೆ. ನಿಮ್ಮ ಮನೆಯಲ್ಲಿ ಅಂಥ ಹೊತ್ತು ಎರಡು ಇವೆ: ಮಗಳ ಊಟ, ಮಗನ ಸಂಜೆ. ಈ ಎರಡನ್ನು ಸರಿ ಮಾಡಿಕೊಂಡರೆ ಮುಕ್ಕಾಲು ಕೆಲಸ ಆದ ಹಾಗೆ.

ಲೆಕ್ಕಕ್ಕೆ ಬೇಕಾದರೆ ವೈದ್ಯರು ಹೇಳುವ ಮಿತಿ ಇಷ್ಟು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದ್ದು, 2ರಿಂದ 4 ವರ್ಷದ ಮಕ್ಕಳಿಗೆ ದಿನಕ್ಕೆ 1 ಗಂಟೆ ಮೀರಬಾರದು, ಕಡಿಮೆಯಾದಷ್ಟೂ ಒಳ್ಳೆಯದು. ನಮ್ಮ ದೇಶದ ಮಕ್ಕಳ ವೈದ್ಯರ ಸಂಘವಾದ ಇಂಡಿಯನ್ ಅಕಾಡೆಮಿ ಆಫ್ ಪೀಡಿಯಾಟ್ರಿಕ್ಸ್ ಕೂಡ ಹೆಚ್ಚು ಕಡಿಮೆ ಅದನ್ನೇ ಹೇಳುತ್ತದೆ. 2 ವರ್ಷದೊಳಗೆ ಬೇಡವೇ ಬೇಡ, ಬಂಧುಗಳ ಜೊತೆ ಆಗೊಮ್ಮೆ ಈಗೊಮ್ಮೆ ವಿಡಿಯೊ ಕಾಲ್ ಆದರೆ ಪರವಾಗಿಲ್ಲ. 5ರಿಂದ 10 ವರ್ಷದವರಿಗೆ 2 ಗಂಟೆಯೊಳಗೆ ಮುಗಿಯಬೇಕು.

ಈಗ ಮಗಳ ಊಟದ ವಿಷಯ. ಫೋನ್ ನೋಡುತ್ತಾ ಉಣ್ಣುವ ಮಗುವಿಗೆ ಹೊಟ್ಟೆ ತುಂಬಿದ್ದೂ ಗೊತ್ತಾಗುವುದಿಲ್ಲ, ಹಸಿವಾದದ್ದೂ ಗೊತ್ತಾಗುವುದಿಲ್ಲ. ಬಾಯಿ ತೆರೆಯುತ್ತದೆ, ನಾವು ತುರುಕುತ್ತೇವೆ. ಮೂರು ಹೊತ್ತಿನ ಊಟವನ್ನೂ ಒಟ್ಟಿಗೇ ಬದಲಿಸೋಕೆ ಹೋಗಬೇಡಿ. ನೀವಿಬ್ಬರೂ ಮನೆಯಲ್ಲಿರುವ ಹೊತ್ತು ಯಾವುದು, ರಾತ್ರಿ ಊಟ ಅಲ್ವಾ? ಅದರಿಂದ ಶುರು ಮಾಡಿ. ಎಲ್ಲರೂ ಒಟ್ಟಿಗೆ ನೆಲದ ಮೇಲೆ ಕೂತುಕೊಳ್ಳಿ. ಮಗಳಿಗೆ ಅವಳದೇ ತಟ್ಟೆ ಕೊಡಿ. ಅವಳ ಕೈಯಿಂದಲೇ ಉಣ್ಣಲಿ, ಅರ್ಧ ಕೆಳಗೆ ಚೆಲ್ಲಲಿ. ಮೊದಮೊದಲು ಕಡಿಮೆ ಉಣ್ಣುತ್ತಾಳೆ. ಆರೋಗ್ಯವಾಗಿರುವ ಮಗು ಒಂದು ಹೊತ್ತು ಕಡಿಮೆ ಉಂಡರೆ ಮುಂದಿನ ಹೊತ್ತಿಗೆ ತಾನೇ ಕೇಳುತ್ತದೆ. ಮೊದಲೇ ತೂಕ ಕಡಿಮೆ ಇದ್ದರೆ ಮಾತ್ರ ನಿಮ್ಮ ಮಕ್ಕಳ ಡಾಕ್ಟರನ್ನು ಕೇಳಿಕೊಂಡೇ ಮುಂದುವರಿಯಿರಿ.

ನಮ್ಮ ಮನೆಯಲ್ಲಿ ನಡೆಯುವ ಒಂದು ಕ್ರಮ ಹೇಳುತ್ತೇನೆ. ಅವ್ವ ರೊಟ್ಟಿ ಬಡಿಯುವಾಗ ಮಗನಿಗೂ ಲಿಂಬೆಹಣ್ಣಿನಷ್ಟು ಹಿಟ್ಟು ಕೊಡುತ್ತಾಳೆ. ಅವನು ಅದನ್ನು ಒಣ ಹಿಟ್ಟಿನಲ್ಲಿ ಹೊರಳಿಸಿ ಎರಡೂ ಕೈಯಿಂದ ಬಡಿಯುತ್ತಾನೆ. ದುಂಡಗೆ ಆಗುವುದಿಲ್ಲ, ಅಂಚು ಸೀಳುತ್ತದೆ, ನಡುವೆ ತೂತು ಬೀಳುತ್ತದೆ. ಅವ್ವ ಅದನ್ನೇ ಹಂಚಿನ ಮೇಲೆ ಹಾಕಿ, ನೀರು ಹಚ್ಚಿ, ಬೇಯಿಸಿ ಅವನ ತಟ್ಟೆಗೇ ಹಾಕುತ್ತಾಳೆ, ಪಕ್ಕಕ್ಕೆ ಶೇಂಗಾ ಚಟ್ನಿ, ಮೊಸರು. ತಾನೇ ಬಡಿದ ರೊಟ್ಟಿಯನ್ನು ಅವನು ತಟ್ಟೆಯಲ್ಲಿ ಬಿಟ್ಟು ಏಳುವುದಿಲ್ಲ. ಅಡುಗೆ ಹೊತ್ತಿನ ಕಾಟವೂ ಹೋಯಿತು, ಊಟದ ಹಠವೂ ಹೋಯಿತು. ನಿಮ್ಮ ಮಗಳಿಗೆ ರೊಟ್ಟಿ ಬೇಡ ಅನಿಸಿದರೆ ಬಟಾಣಿ ಸುಲಿಯಲಿ, ಕೊತ್ತಂಬರಿ ಸೊಪ್ಪು ಬಿಡಿಸಲಿ. ಅತ್ತೆಯವರಿಗೆ ಇದು ಹೊಸದೇನೂ ಅಲ್ಲ. ಅವರು ನಿಮ್ಮ ಯಜಮಾನರನ್ನು ಬೆಳೆಸಿದ್ದು ಹೀಗೆಯೇ ಇರಬಹುದು. ‘ಫೋನ್ ಕೊಡಬ್ಯಾಡ್ರಿ’ ಅಂತ ಅವರಿಗೆ ಹೇಳುವ ಬದಲು ‘ಅತ್ತಿ, ಸಂಜಿ ಮುಂದ ಇವಳನ್ನ ನಿಮ್ಮ ಹತ್ರ ಅಡಗಿ ಮನ್ಯಾಗ ಕೂಡಿಸ್ಕೋರಿ’ ಅಂತ ಕೇಳಿ. ಮನೆಯಲ್ಲಿ ದಿನವಿಡೀ ಒಬ್ಬರೇ ಎರಡು ಮಕ್ಕಳನ್ನು ಹಿಡಿಯುವುದು ದೊಡ್ಡ ಕೆಲಸ. ಅವರು ಫೋನ್ ಕೊಡುವುದು ಪ್ರೀತಿಯಿಂದ, ಮತ್ತೆ ದಣಿವಿನಿಂದ. ಅವರ ಮೇಲೆ ತಪ್ಪು ಹೊರಿಸಿದರೆ ಯಾವ ನಿಯಮವೂ ನಡೆಯುವುದಿಲ್ಲ.

ಊಟದ ಹೊತ್ತಿಗೆ ಮನೆ ಬಿಕೋ ಅನಿಸಿದರೆ ರೇಡಿಯೊ ಹಚ್ಚಿ. ಧಾರವಾಡ ಆಕಾಶವಾಣಿ 1950ರಿಂದ ನಮ್ಮ ಕಡೆ ಮನೆಮನೆಯಲ್ಲಿ ಮಾತಾಡುತ್ತಿದೆ. ಹಾಡು ಕಿವಿಗೆ ಬೀಳುತ್ತದೆ, ಕಣ್ಣು ತಟ್ಟೆಯ ಮೇಲೇ ಇರುತ್ತದೆ.

ಮಗನ ಸಂಜೆ ಇದಕ್ಕಿಂತ ಕಷ್ಟ. ಒಂಬತ್ತು ವರ್ಷದವನಿಗೆ ಬೇಕಾಗಿರುವುದು ಗೆಳೆಯರು. ಅವರೂ ತಮ್ಮ ತಮ್ಮ ಮನೆಯಲ್ಲಿ ಫೋನ್ ಹಿಡಿದು ಕೂತಿದ್ದರೆ ಇವನೊಬ್ಬನೇ ಕೆಳಗೆ ಇಳಿದು ಏನು ಮಾಡಬೇಕು? ಇಲ್ಲಿ ಒಂದೇ ಮನೆಯಿಂದ ಆಗುವುದಿಲ್ಲ. ನಿಮ್ಮ ಬಿಲ್ಡಿಂಗ್‌ನಲ್ಲಿ ಅವನ ವಯಸ್ಸಿನ ಎರಡು ಮೂರು ಮಕ್ಕಳ ತಾಯಿ ತಂದೆಯನ್ನು ನೀವೇ ಹೋಗಿ ಮಾತಾಡಿಸಿ. ಸಂಜೆ ಐದೂವರೆಯಿಂದ ಏಳರವರೆಗೆ ನಮ್ಮ ಮಕ್ಕಳು ಕೆಳಗೆ ಇರುತ್ತಾರೆ, ಒಂದೊಂದು ದಿನ ಒಬ್ಬೊಬ್ಬ ದೊಡ್ಡವರು ಕಣ್ಣಿಡೋಣ, ಇಷ್ಟೇ ಒಪ್ಪಂದ. ನಮ್ಮ ಓಣಿಯಲ್ಲಿ ಹೀಗೆಯೇ ಶುರುವಾಯಿತು. ಈಗ ಲಗೋರಿ, ಕ್ರಿಕೆಟ್, ಬುಗುರಿ ಎಲ್ಲ ನಡೆಯುತ್ತದೆ. ಜಗಳವೂ ನಡೆಯುತ್ತದೆ. ಜಗಳ ಬಿಡಿಸೋಕೆ ಓಡಬೇಡಿ, ಮಕ್ಕಳು ಅದರಲ್ಲೂ ಕಲಿಯುತ್ತಾರೆ.

ಹೊರಗೆ ಬಿಡೋದಕ್ಕೆ ಇನ್ನೊಂದು ಕಾರಣ ಕಣ್ಣು. ದೂರದ್ದು ಮಸುಕಾಗಿ ಕಾಣುವ ದೋಷ ಇದೆಯಲ್ಲ, ಹೊರಗಿನ ಬೆಳಕಿನಲ್ಲಿ ಜಾಸ್ತಿ ಹೊತ್ತು ಕಳೆಯುವ ಮಕ್ಕಳಲ್ಲಿ ಅದು ಶುರುವಾಗುವುದು ಕಡಿಮೆ. ಬಿಸಿಲಿನ ಬೆಳಕು ಕಣ್ಣಿನ ಒಳಪದರದಲ್ಲಿ ಡೋಪಮಿನ್ ಬಿಡುಗಡೆ ಮಾಡಿಸುತ್ತದೆ, ಅದು ಕಣ್ಣುಗುಡ್ಡೆ ಉದ್ದವಾಗದಂತೆ ತಡೆಯುತ್ತದೆ ಅನ್ನುವುದು ತಜ್ಞರ ವಿವರಣೆ. ತೈವಾನ್‌ನಲ್ಲಿ 2010ರಿಂದ ಶಾಲಾ ಮಕ್ಕಳನ್ನು ದಿನಕ್ಕೆ 2 ಗಂಟೆ ಹೊರಗೆ ಇರಿಸುವ ಕಾರ್ಯಕ್ರಮವನ್ನೇ ಮಾಡಿದರು. ವರ್ಷದಿಂದ ವರ್ಷಕ್ಕೆ ಏರುತ್ತಿದ್ದ ಆ ದೋಷ ಅಲ್ಲಿ ಇಳಿಯತೊಡಗಿತು. ನಮಗಂತೂ ವರ್ಷಪೂರ್ತಿ ಬಿಸಿಲಿಗೆ ಕೊರತೆಯಿಲ್ಲ. ಭಾನುವಾರ ಉಣಕಲ್ ಕೆರೆಗೋ ನೃಪತುಂಗ ಬೆಟ್ಟಕ್ಕೋ ಹೋಗಿ. ಧಾರವಾಡದಲ್ಲಿ ಪ್ರಾದೇಶಿಕ ವಿಜ್ಞಾನ ಕೇಂದ್ರ ಇದೆ, ಒಂಬತ್ತು ವರ್ಷದವನಿಗೆ ಅರ್ಧ ದಿನ ಸಾಲುವುದಿಲ್ಲ.

ಮಳೆಗಾಲದ ಸಂಜೆಗೆ ಚೌಕಾಬಾರ, ಹುಲಿಮನೆ, ಕೇರಂ ಸಾಕು. ನಮ್ಮ ಕಡೆಯ ಹಬ್ಬಗಳನ್ನೂ ಮರೆಯಬೇಡಿ. ಮಣ್ಣೆತ್ತಿನ ಅಮವಾಸ್ಯೆಗೆ ಅಂಗಡಿಯಿಂದ ಎತ್ತು ತರುವ ಬದಲು ಎರೆಮಣ್ಣು ತಂದು ಮಕ್ಕಳ ಮುಂದೆ ಇಡಿ. ಆಷಾಢದ ಮಂಗಳವಾರ ಮಣ್ಣಿನ ಗುಳ್ಳವ್ವ, ಪಂಚಮಿಗೆ ಜೋಕಾಲಿ. ಕೈ ಕೆಸರಾದ ಮಗು ಫೋನ್ ಮುಟ್ಟುವುದಿಲ್ಲ.

ಇನ್ನು ನನ್ನ ಕೆಲಸದ ವಿಷಯ, ಸೆಟ್ಟಿಂಗ್. ಶಾರ್ಟ್ಸ್, ರೀಲ್ಸ್ ಬಿಡೋದು ಕಷ್ಟ ಯಾಕೆ ಅಂದರೆ ಅದಕ್ಕೆ ಕೊನೆಯೇ ಇಲ್ಲ. ಬೆರಳು ಸರಿಸಿದಷ್ಟೂ ಬರುತ್ತದೆ, ಇವನಿಗೆ ಏನು ಇಷ್ಟ ಅಂತ ನೋಡಿಕೊಂಡೇ ಬರುತ್ತದೆ. ಅದರ ಮುಂದೆ ‘ಇನ್ನೈದು ನಿಮಿಷ’ ಅನ್ನೋ ಮಾತು ನಿಲ್ಲುವುದಿಲ್ಲ. ಹಾಗಾಗಿ ಮುಗಿಯುವಂಥದ್ದನ್ನು ಕೊಡಿ. ಒಂದು ಮಕ್ಕಳ ಸಿನಿಮಾ, ಒಂದು ಕ್ರಿಕೆಟ್ ಮ್ಯಾಚು, ಅದೂ ಹಾಲ್‌ನಲ್ಲಿರುವ ಟಿವಿಯಲ್ಲಿ, ಎಲ್ಲರ ಜೊತೆ. ಅತ್ತೆಯವರ ಫೋನಿನಲ್ಲಿ ಸೆಟ್ಟಿಂಗ್ಸ್‌ಗೆ ಹೋಗಿ ಆ್ಯಪ್ಸ್ ಒತ್ತಿ, ಯೂಟ್ಯೂಬ್ ಆರಿಸಿ, ಡಿಸೇಬಲ್ ಮಾಡಿ. ಅನೇಕರಿಗೆ ಇದು ಆಗುತ್ತದೆ ಅಂತಲೇ ಗೊತ್ತಿಲ್ಲ. ಅವರಿಗೆ ಭಜನೆ, ಧಾರಾವಾಹಿ ಬೇಕಿದ್ದರೆ ಟಿವಿಯಲ್ಲಿ ಹಾಕಿಕೊಡಿ. ನಿಮ್ಮ ಫೋನಿನ ಯೂಟ್ಯೂಬ್‌ನಲ್ಲಿ ಆಟೋಪ್ಲೇ ತೆಗೆಯಿರಿ. ವಾಚ್ ಹಿಸ್ಟರಿ ಆಫ್ ಮಾಡಿ ಹಳೆಯದನ್ನು ಅಳಿಸಿದರೆ ಹೋಮ್ ಪೇಜ್ ಖಾಲಿ ಬರುತ್ತದೆ. ಬೇಕಾದ್ದನ್ನು ಹುಡುಕಿಯೇ ನೋಡಬೇಕು. ಮಗಳಿಗೆ ಯೂಟ್ಯೂಬ್ ಕಿಡ್ಸ್ ಹಾಕಿದರೆ ನೀವು ಆರಿಸಿದ ವಿಡಿಯೊ ಮಾತ್ರ ಬರುವಂತೆ ಮಾಡಬಹುದು, ಅದರಲ್ಲಿ ಟೈಮರ್ ಕೂಡ ಇದೆ. ಫೋನ್ ಲಾಕ್ ನಂಬರ್ ಮಕ್ಕಳಿಗೆ ಗೊತ್ತಿರಬಾರದು. ನನ್ನ ಅಂಗಡಿಗೆ ಬರುವ ಎಷ್ಟೋ ಫೋನುಗಳ ಲಾಕ್ ನಂಬರ್ ಹೇಳುವುದು ಅಪ್ಪನಲ್ಲ, ಪಕ್ಕದಲ್ಲಿ ನಿಂತ ಐದು ವರ್ಷದ ಮಗು.

ಹೋಂವರ್ಕ್ ವಿಷಯ ಸುಲಭ. ಮೆಸೇಜ್ ಬರುವುದು ನಿಮ್ಮ ಫೋನಿಗೆ. ನೀವು ಓದಿ ಹೇಳಿ, ಮಗ ನೋಟ್‌ಬುಕ್‌ನಲ್ಲಿ ಬರೆದುಕೊಳ್ಳಲಿ. ಫೋಟೊ, ಪಿಡಿಎಫ್ ಬಂದರೆ ಝೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ತೆಗೆಸಿ. ಪೋಷಕರ ಸಭೆಯಲ್ಲಿ ಡೈರಿಯಲ್ಲೂ ಬರೆಸಿ ಅಂತ ನಾಲ್ಕು ಜನ ಸೇರಿ ಕೇಳಿದರೆ ಟೀಚರ್ ಇಲ್ಲ ಅನ್ನುವುದಿಲ್ಲ. ಅವರಿಗೂ ಮಕ್ಕಳ ಸ್ಥಿತಿ ಗೊತ್ತಿದೆ. ಹಾಗೆಯೇ ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್ ಅನ್ನೋ ತಾಣದಲ್ಲಿ ಕನ್ನಡದ ಮಕ್ಕಳ ಕಥೆಗಳು ಬಿಟ್ಟಿಯಾಗಿ ಸಿಗುತ್ತವೆ. ಅವುಗಳನ್ನೂ ಪ್ರಿಂಟ್ ಹಾಕಿಸಿ ಪಿನ್ ಹೊಡೆದು ಇಟ್ಟರೆ ಮಲಗುವ ಹೊತ್ತಿಗೆ ಆಯಿತು.

ಹಿಂದೆ ಬೀಳುತ್ತಾರಾ ಅಂತ ಕೇಳಿದ್ದೀರಿ. ಇಲ್ಲ. ಫೋನ್ ಬಳಸೋದನ್ನು ಕಲಿಯೋಕೆ ಬಾಲ್ಯ ಬೇಕಾಗಿಲ್ಲ. ದುರ್ಗದಬೈಲಿನಲ್ಲಿ ಕಾಯಿಪಲ್ಯ ಮಾರುವ ಅಜ್ಜಿಯರು ಕ್ಯೂಆರ್ ಕೋಡ್ ಇಟ್ಟುಕೊಂಡು ದುಡ್ಡು ಬಂತಾ ಇಲ್ಲವಾ ಅಂತ ಕಿವಿಯಲ್ಲೇ ಲೆಕ್ಕ ಇಡುತ್ತಾರೆ. ಅವರು ಎಳೆಯ ವಯಸ್ಸಿನಲ್ಲಿ ಫೋನನ್ನೇ ಕಂಡಿರಲಿಲ್ಲ. ಮಾತು, ತಾಳ್ಮೆ, ಒಂದು ಕಡೆ ಕೂತು ಒಂದು ಕೆಲಸ ಮುಗಿಸೋದು, ಇವಕ್ಕೆ ಮಾತ್ರ ಎಳೆಯ ವಯಸ್ಸೇ ಬೇಕು. ತಂತ್ರಜ್ಞಾನದ ಮೇಲೆ ನನಗೆ ಸಿಟ್ಟಿಲ್ಲ, ನನ್ನ ಅನ್ನ ಅದೇ. ಮಗಳಿಗೆ ಕಂಪ್ಯೂಟರ್‌ನಲ್ಲಿ ಕನ್ನಡ ಟೈಪಿಂಗ್ ಕಲಿಸಿದ್ದೇನೆ. ಕೆಟ್ಟುಹೋದ ಫೋನ್ ಬಂದರೆ ಬ್ಯಾಟರಿ ನಾನು ತೆಗೆದು ಪಕ್ಕಕ್ಕಿಟ್ಟು, ಯಾಕೆಂದರೆ ಅದಕ್ಕೆ ತೂತು ಬಿದ್ದರೆ ಬೆಂಕಿ, ಉಳಿದದ್ದನ್ನು ಅವಳ ಕೈಗೆ ಕೊಡುತ್ತೇನೆ. ಸ್ಕ್ರೂ ಬಿಚ್ಚುತ್ತಾಳೆ. ಕ್ಯಾಮೆರಾ ಯಾವುದು, ಸ್ಪೀಕರ್ ಯಾವುದು, ಫೋನ್ ಗುರ್ ಅನ್ನುವಂತೆ ಮಾಡುವ ಪುಟ್ಟ ಮೋಟರ್ ಯಾವುದು, ಎಲ್ಲ ಗೊತ್ತು. ಇನ್‌ಸ್ಟಾಗ್ರಾಂ ಮಾತ್ರ ಇಲ್ಲ. ಅದರವರೇ 13 ವರ್ಷ ಆಗಬೇಕು ಅನ್ನುತ್ತಾರೆ. ಆಸ್ಟ್ರೇಲಿಯಾದಲ್ಲಂತೂ 2025ರ ಡಿಸೆಂಬರ್‌ನಿಂದ 16 ವರ್ಷದೊಳಗಿನವರಿಗೆ ಅಂಥ ಖಾತೆಗಳೇ ಇಲ್ಲ. ‘ಎಲ್ಲಾರಿಗೂ ಐತಿ, ನನಗಷ್ಟ ಇಲ್ಲ’ ಅಂತ ಅವಳು ಅಳುತ್ತಾಳೆ, ಆಗ ನನಗೂ ಕಷ್ಟವಾಗುತ್ತದೆ. ಆದರೂ ಕೊಡಿಸಿಲ್ಲ.

ನೀವಿಬ್ಬರೂ ರಾತ್ರಿ ಫೋನ್ ಎಲ್ಲಿಡುತ್ತೀರಿ ಅಂತಲೂ ನೋಡಿಕೊಳ್ಳಿ. ಚಾರ್ಜಿಂಗ್ ಹಾಲ್‌ನಲ್ಲಿ ಇರಲಿ, ಮಲಗುವ ಕೋಣೆಗೆ ಬೇಡ. ಅಲಾರಂಗೆ ಒಂದು ಗಡಿಯಾರ ತನ್ನಿ. ನಾವು ಹಾಸಿಗೆಯಲ್ಲಿ ರೀಲ್ಸ್ ನೋಡುತ್ತಾ ಮಗುವಿಗೆ ಬೇಡ ಅಂದರೆ ಅದು ಒಪ್ಪುವುದಿಲ್ಲ, ಒಪ್ಪಬೇಕಾಗಿಯೂ ಇಲ್ಲ.

ಮಗನಿಗೆ ದಿಢೀರ್ ಅಂತ ಶುರು ಮಾಡಬೇಡಿ. ಸೋಮವಾರದಿಂದ ಹೀಗೆ ಅಂತ ಮೊದಲೇ ಕೂರಿಸಿ ಹೇಳಿ, ಅವನ ಹೊತ್ತು ಯಾವುದು ಅಂತ ಅವನೇ ಆರಿಸಲಿ. ಮೊದಲ ವಾರ ರಂಪ ಆಗುತ್ತದೆ, ಆಮೇಲೆ ಕಡಿಮೆಯಾಗುತ್ತದೆ. ವಾರಗಟ್ಟಲೆ ಕಳೆದರೂ ನಿದ್ದೆ, ಊಟ, ಶಾಲೆ ಬಿಟ್ಟು ಫೋನಿಗಾಗಿಯೇ ಹೊಡೆದಾಟಕ್ಕೆ ಇಳಿದರೆ, ಅಥವಾ ಮಗಳು ವಯಸ್ಸಿಗೆ ತಕ್ಕಷ್ಟು ಮಾತಾಡುತ್ತಿಲ್ಲ ಅನಿಸಿದರೆ, ಕಾಯಬೇಡಿ. ಧಾರವಾಡದಲ್ಲಿ ಡಿಮ್ಹಾನ್ಸ್ ಇದೆ, ಸರ್ಕಾರಿ ಮಾನಸಿಕ ಆರೋಗ್ಯ ಆಸ್ಪತ್ರೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2014ರಿಂದ ಫೋನ್, ಇಂಟರ್‌ನೆಟ್ ಚಟ ಬಿಡಿಸೋಕೆಂದೇ ಶಟ್ ಕ್ಲಿನಿಕ್ ನಡೆಯುತ್ತಿದೆ. ಅಲ್ಲಿಗೆ ಹೋಗೋದರಲ್ಲಿ ನಾಚಿಕೆ ಪಡುವಂಥದ್ದು ಏನಿಲ್ಲ.

ಸೆಟ್ಟಿಂಗ್ ಮಾಡುವಾಗ ಎಲ್ಲಾದರೂ ತೊಡಕಾದರೆ ಫೋನ್ ಯಾವ ಕಂಪನಿದು, ಯಾವ ಮಾಡೆಲ್ ಅಂತ ಇಲ್ಲೇ ಬರೆಯಿರಿ. ಎಲ್ಲಿ ಒತ್ತಬೇಕು ಅಂತ ಹೇಳುತ್ತೇನೆ.